ಶರ್ಟಿನೊಳಗಿನ ಸ್ಪಷ್ಟೀಕರಣ

ರಜೆ ಇರುವುದು ಮಲಗುವುದಕ್ಕೆ ಎಂದು ತಿಳಿದವರು ಬದುಕಿನಲ್ಲಿ ಸುಖವಾಗಿರುತ್ತಾರೆ. ನಮ್ಮ ಹುಡುಗಿ ಹಾಗೆ ತಿಳಿಯಲಿಲ್ಲ. ಕಾಲೇಜಿನ ಮೇಡಂ ರಜೆಗೆಂದು ಕೊಟ್ಟ ಹತ್ತು ಸಲಹೆಗಳ ಪಟ್ಟಿಯನ್ನು ಅವಳು ನಿಜವಾಗಿಯೂ ಓದಿದಳು. ಓದಿ ಸುಮ್ಮನಾಗಿದ್ದರೂ ಆಗುತ್ತಿತ್ತು, ಪಾಲಿಸಿದಳು.

ಅವಳು ಓದುತ್ತಿದ್ದದ್ದು ಸಾರ್ವಜನಿಕ ಸಂಪರ್ಕ. ಹಾಗೆಂದರೆ ಏನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಬಸ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ಮೈಕಲ್ಲಿ ಕೂಗ್ತಾರಲ್ಲ, ಅದಾ ಮಗೂ?” ಎಂದು ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಕೇಳಿದ್ದರು. ಅಲ್ಲ ತಾತಾ ಎಂದು ಅವಳು ಅರ್ಧ ಗಂಟೆ ವಿವರಿಸಿದಳು. ಅವರು ಎಲ್ಲಾ ಕೇಳಿ, “ಅದೇ ನಾನು ಹೇಳಿದ್ದು” ಎಂದರು. ಅಂದಿನಿಂದ ಬೀದಿಗೆಲ್ಲ ಅವಳ ಹೆಸರು ‘ಪ್ರಕಟಣೆ’ ಎಂದಾಯಿತು.

ಮೇಡಂ ಸಲಹೆಗಳಲ್ಲಿ ಮೊದಲನೆಯದೇ ಮುಖ್ಯ. ರಜೆಯಲ್ಲಿ ಹತ್ತಿರದ ಯಾವುದಾದರೂ ಸಣ್ಣ ಅಂಗಡಿಗೋ ಸಂಸ್ಥೆಗೋ ಪುಕ್ಕಟೆ ಪ್ರಚಾರದ ಕೆಲಸ ಮಾಡಿಕೊಡಿ. ಮಾಲೀಕರಿಂದ ಕೈಬರಹದ ಪತ್ರ ತನ್ನಿ. ಪತ್ರವನ್ನು ಅವರೇ ಮುಚ್ಚಿ ಕೊಡಬೇಕು, ನೀವು ಓದುವ ಹಾಗಿಲ್ಲ. ಯಾರ ಪತ್ರ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರಿಗೆ ದೊಡ್ಡ ಪ್ರಚಾರ ಸಂಸ್ಥೆಯೊಂದರಲ್ಲಿ ಮೂರು ತಿಂಗಳ ತರಬೇತಿ. ಇರುವುದು ಒಂದೇ ಸೀಟು. ಆ ಸಂಸ್ಥೆಯ ಗಾಜಿನ ಬಾಗಿಲನ್ನು ಪ್ರಕಟಣೆ ಹೊರಗಿನಿಂದ ನಾಲ್ಕು ಸಲ ನೋಡಿ ಬಂದಿದ್ದಳು. ಹತ್ತಿರ ಹೋದರೆ ಅದು ತಾನೇ ತೆರೆದುಕೊಳ್ಳುತ್ತಿತ್ತು. ನಾಲ್ಕನೇ ಸಲ ಕಾವಲಿನವನು, “ಒಳಗೆ ಹೋಗಮ್ಮ, ಇಲ್ಲಾ ಆಚೆ ಹೋಗು, ಎಸಿ ಗಾಳಿ ಎಲ್ಲಾ ಖಾಲಿ ಆಗ್ತಿದೆ” ಎಂದಿದ್ದ. ಒಳಗೆ ಹೋಗಿಯೇ ತೀರುತ್ತೇನೆ ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಓದಿಗೆಂದು ಅವಳು ಇದ್ದದ್ದು ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪನದು ಲಾಂಡ್ರಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ನಡುವೆ ಒಂದು ಪರದೆ, ಅದೂ ಯಾರೋ ಒಗೆಯಲು ಕೊಟ್ಟು ಮರೆತದ್ದು. ಅಂಗಡಿಯಲ್ಲಿ ಕೆಲಸ ಮಾಡುವವರು ಇಬ್ಬರೇ, ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಪ್ರಚಾರ ಎಂದರೆ ಚಿಕ್ಕಪ್ಪನಿಗೆ ಆಗದು. “ಒಗೆದ ಬಟ್ಟೆ ಮಾತಾಡ್ಬೇಕು ಕಣೇ, ಒಗೆದೋನಲ್ಲ” ಎನ್ನುತ್ತಿದ್ದರು. ಹೀಗಾಗಿ ರಜೆ ಪೂರ್ತಿ ಕಳೆದರೂ ಪ್ರಕಟಣೆಗೆ ಮಾಡಲು ಕೆಲಸವೂ ಸಿಕ್ಕಿರಲಿಲ್ಲ, ಕೇಳಲು ಪತ್ರವೂ ಇರಲಿಲ್ಲ. ಕೊನೆಯ ದಿನ ಬಂತು. ಸಂಜೆ ಐದಕ್ಕೆ ಪತ್ರ ಮೇಡಂ ಮನೆಗೆ ತಲುಪಬೇಕಿತ್ತು.

ಹಿಂದಿನ ದಿನ ಬೇರೆ ದಾರಿ ಕಾಣದೆ ಅವಳು ಆರನೇ ಸಲಹೆಗೆ ಕೈ ಹಾಕಿದ್ದಳು. ‘ನಿಮ್ಮ ಗಿರಾಕಿಯ, ಅಂದರೆ ನೀವು ಪ್ರಚಾರ ಮಾಡುವ ಅಂಗಡಿಯ ಬಗ್ಗೆ ಜನ ಆಡಬಹುದಾದ ಅತಿ ಕೆಟ್ಟ ಮಾತು ಯಾವುದೆಂದು ಊಹಿಸಿ. ಅದು ಹುಟ್ಟುವ ಮುಂಚೆಯೇ ಅದಕ್ಕೆ ಸ್ಪಷ್ಟೀಕರಣ ಬರೆದಿಟ್ಟುಕೊಳ್ಳಿ. ಕೈ ಪಳಗುವವರೆಗೆ ಇಪ್ಪತ್ತು ಬಗೆಯಲ್ಲಿ ಬರೆಯಿರಿ.’ ಲಾಂಡ್ರಿಯವರ ಬಗ್ಗೆ ಜನ ಏನು ಆಡಬಹುದು? ಗಿರಾಕಿಗಳ ಬಟ್ಟೆ ಹಾಕಿಕೊಂಡು ತಿರುಗುತ್ತಾರೆ ಅನ್ನಬಹುದು. ಸರಿ, ಅದನ್ನೇ ಹಿಡಿದು ಇಪ್ಪತ್ತು ದಪ್ಪ ಹಾಳೆಗಳ ಮೇಲೆ ಇಪ್ಪತ್ತು ಬಗೆಯ ಸ್ಪಷ್ಟೀಕರಣ ಬರೆದು, ನಂಬರು ಹಾಕಿ, ಇಸ್ತ್ರಿ ಮೇಜಿನ ಮೂಲೆಯಲ್ಲಿಟ್ಟಳು.

ಇಡಬಾರದ ಜಾಗ ಅದು. ಶರ್ಟು ಮಡಿಸುವಾಗ ಎದೆಭಾಗ ಸೆಟೆದು ನಿಲ್ಲಲಿ ಎಂದು ಲಾಂಡ್ರಿಯವರು ಒಳಗೊಂದು ದಪ್ಪ ಹಾಳೆ ಇಟ್ಟು ಮಡಿಸುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಪ್ರಕಟಣೆ ಬಂದು ನೋಡಿದರೆ ಮೇಜು ಖಾಲಿ. ಚಿಕ್ಕಪ್ಪ ಆಗಷ್ಟೇ ಸೈಕಲ್ಲು ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದರು.

“ಚಿಕ್ಕಪ್ಪಾ, ಇಲ್ಲಿದ್ದ ಹಾಳೆ?”

“ಒಳ್ಳೇ ಹಾಳೆ ಕಣೇ. ಸರಿಯಾಗಿ ಇಪ್ಪತ್ತು ಶರ್ಟಿಗಾಯ್ತು. ಎಲ್ಲಾ ಮನೆಗೂ ಕೊಟ್ಟು ಬಂದೆ.”

“ಅದರಲ್ಲಿ ಏನು ಬರೆದಿದೆ ಅಂತ ನೋಡ್ಲಿಲ್ವಾ?”

“ಶರ್ಟು ಮಡಿಸೋವಾಗ ಯಾರೇ ಓದ್ತಾರೆ?”

ಹಾಳೆಗಳಲ್ಲಿ ಏನಿದೆ ಎಂದು ಚಿಕ್ಕಪ್ಪನಿಗೆ ಹೇಳುವ ಧೈರ್ಯ ಪ್ರಕಟಣೆಗೆ ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಮೊದಲು ಸಿಕ್ಕಿದ್ದು ವಿಮೆ ಏಜೆಂಟರ ಮನೆ. ಅವರು ಶರ್ಟಿನ ಕಟ್ಟನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಬಿಚ್ಚಿದ್ದರೂ ಹಾಳೆಯನ್ನು ಬುಟ್ಟಿಗೆ ಎಸೆದು ಸುಮ್ಮನಾಗುತ್ತಿದ್ದರು.

“ಅಂಕಲ್, ಶರ್ಟಿನೊಳಗೆ ಒಂದು ಹಾಳೆ ಇದೆ. ಓದ್ದೇ ಹಾಗೇ ವಾಪಸ್ ಕೊಡ್ತೀರಾ?”

ಏಜೆಂಟರ ಕಣ್ಣು ಅರಳಿತು. ವಿಮೆಯವರಿಗೆ ಓದಬೇಡಿ ಎನ್ನುವುದೂ ಒಂದೇ, ಬೆಕ್ಕಿಗೆ ಹಾಲು ಕಾಯುತ್ತಿರು ಅನ್ನುವುದೂ ಒಂದೇ. ಹಾಳೆ ಎಳೆದು ಗಟ್ಟಿಯಾಗಿ ಓದಿದರು. “ಏಳು. ಗಿರಾಕಿಗಳ ಕೋಟುಗಳನ್ನು ಲಾಂಡ್ರಿಯ ಮಾಲೀಕರು ಮದುವೆಗಳಿಗೆ ತೊಟ್ಟು ಹೋಗುತ್ತಾರೆ ಎಂಬ ಸುದ್ದಿ ಸತ್ಯಕ್ಕೆ ದೂರವಾದದ್ದು.”

“ಅದು ಸುಳ್ಳು ಅಂಕಲ್! ಸುಳ್ಳು ಅಂತಾನೇ ಬರ್ದಿದೆ!”

“ಸುಳ್ಳು ಅಂತ ಬರ್ದಿದೆ, ಸರಿ. ಆದ್ರೆ ಸುದ್ದಿ ಇದೆ ಅಂತಾನೂ ಬರ್ದಿದೆಯಲ್ಲಮ್ಮಾ. ನನ್ನ ಕಿವಿಗೆ ಬೀಳದ ಸುದ್ದಿ ಈ ಬೀದೀಲಿ ಯಾವುದಿದು?” ತಮಗೆ ಗೊತ್ತಿಲ್ಲದೆ ಬೀದಿಯಲ್ಲಿ ಏನೋ ನಡೆದಿದೆ ಎಂಬುದೇ ಅವರಿಗೆ ದೊಡ್ಡ ಅವಮಾನವಾಯಿತು. ಆಗಲೇ ಶರ್ಟಿಗೆ ಕೈ ತೂರಿಸಿಕೊಂಡು ಹೊರಟರು.

ಮಹಡಿ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವರು ಹಾಳೆ ಹಿಡಿದುಕೊಂಡೇ ಬಾಗಿಲು ತೆರೆದರು. ಅವರದು ಹದಿನಾಲ್ಕನೇ ಬಗೆ. ‘ಗಿರಾಕಿಗಳ ಬಟ್ಟೆ ತೊಟ್ಟ ತಪ್ಪಿತಸ್ಥ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ.’

“ಅಲ್ವೇ, ನಿಮ್ಮಲ್ಲಿ ಸಿಬ್ಬಂದಿ ಅಂತ ಇರೋದು ನಿಮ್ಮ ಚಿಕ್ಕಮ್ಮ ಒಬ್ರೇ ತಾನೇ?” ನರ್ಸಮ್ಮ ದನಿ ತಗ್ಗಿಸಿ ಕೇಳಿದರು. “ಎರಡು ದಿನದಿಂದ ಅವರು ಕಾಣ್ತಾನೂ ಇಲ್ಲ.”

“ಅಯ್ಯೋ, ಅವರ ಅಕ್ಕನ ಮನೆಗೆ ಹೋಗಿದ್ದಾರೆ ಆಂಟೀ!”

“ಹೂಂ ಕಣಮ್ಮ. ಹೊರಗಿನವರಿಗೆ ಎಲ್ಲರೂ ಹಾಗೇ ಹೇಳೋದು. ಪಾಪ, ಆ ವಯಸ್ಸಲ್ಲಿ ಯಾರದ್ದೋ ಬಟ್ಟೆ ಹಾಕ್ಕೊಳೋ ಆಸೆ ಆಯ್ತೋ ಏನೋ.” ಹೀಗೆಂದು ಅವರು ಫೋನು ಕೈಗೆತ್ತಿಕೊಂಡರು. ಚಿಕ್ಕಮ್ಮನಿಗೆ ಸಮಾಧಾನ ಹೇಳದೆ ಮಲಗಿದರೆ ಅವರಿಗೆ ನಿದ್ದೆ ಹತ್ತುವಂತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಪ್ರಕಟಣೆಗೆ ವಾಪಸ್ ಸಿಕ್ಕಿದ್ದು ನಾಲ್ಕು ಹಾಳೆ. ಉಳಿದವರಲ್ಲಿ ಅರ್ಧಕ್ಕರ್ಧ ಜನ ಅವಳು ಕೇಳಿದ್ದರಿಂದಲೇ ಶರ್ಟು ಬಿಚ್ಚಿ ಓದಿದ್ದರು. ಅವಳು ಎರಡನೇ ಸಲಹೆ ನೆನಪು ಮಾಡಿಕೊಂಡಳು. ‘ಗೊಂದಲವಾದಾಗ ಅಡಗಬೇಡಿ, ನೀವೇ ಮುಂದೆ ಬಂದು ನಿಜ ಹೇಳಿ.’ ಅಂಗಡಿ ಬಾಗಿಲಿಗೆ ಒಂದು ರಟ್ಟು ಅಂಟಿಸಿ ದಪ್ಪಕ್ಷರದಲ್ಲಿ ಬರೆದಳು. ‘ಶರ್ಟಿನೊಳಗಿನ ಬರಹಗಳು ಕೇವಲ ಅಭ್ಯಾಸಕ್ಕಾಗಿ ಬರೆದವು. ಅಂಥದ್ದೇನೂ ಇನ್ನೂ ನಡೆದಿಲ್ಲ.’

ಪೋಸ್ಟ್ ಮಾಸ್ಟರು ಅದರ ಮುಂದೆ ನಿಂತು ಕನ್ನಡಕ ಏರಿಸಿದರು. “ಇನ್ನೂ ನಡೆದಿಲ್ಲ. ಅಂದ್ರೆ ನಡೆಯೋದು ಯಾವಾಗ ಮಗೂ?”

“ತಾತಾ, ನಡೆಯಲ್ಲ! ನಡೆದ್ರೆ ಏನು ಹೇಳ್ಬೇಕು ಅಂತ ತಯಾರಿ!”

“ಎಲ್ಲಾ ತಯಾರಿ ಆಗಿದೆ ಅನ್ನು.” ಅವರು ತಿರುಗಿ ಬೀದಿಯತ್ತ ಕೈಬೀಸಿದರು. “ರೀ ಏಜೆಂಟ್ರೇ, ಬನ್ನಿ ಇಲ್ಲಿ! ನಿಮ್ಮ ಹಾಳೇನೂ ತನ್ನಿ!”

ಹನ್ನೆರಡಕ್ಕೆ ಅಂಗಡಿ ತುಂಬಿತು. ರಜೆಯ ಕೊನೆಯ ದಿನ, ಅದೂ ಭಾನುವಾರ, ಮನೆಯಲ್ಲಿ ಕೂತು ಕೂತು ಎಲ್ಲರಿಗೂ ಬೇಜಾರು ಬಂದಿತ್ತು. ಇಂಥ ದಿನ ಪುಕ್ಕಟೆ ಜಗಳವೊಂದು ಮನೆ ಬಾಗಿಲಿಗೆ ಬಂದರೆ ಯಾರು ಬಿಡುತ್ತಾರೆ? ನಲವತ್ತು ವರ್ಷ ಕಾಗದ ವಿಂಗಡಿಸಿದ ಕೈ ಪೋಸ್ಟ್ ಮಾಸ್ಟರದು. ಹದಿನಾರು ಹಾಳೆಗಳನ್ನು ನಂಬರಿನ ಪ್ರಕಾರ ಜೋಡಿಸಿ ಇಸ್ತ್ರಿ ಮೇಜಿನ ಮೇಲೆ ಹರಡಿದರು. ಚಿಕ್ಕಪ್ಪ ಏನೂ ತಿಳಿಯದೆ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡು ನಿಂತಿದ್ದರು.

“ಕೇಳಿ ಎಲ್ರೂ. ಮೂರನೇದರಲ್ಲಿ, ಯಾರ ಬಟ್ಟೆಯನ್ನೂ ಎಂದೂ ತೊಟ್ಟಿಲ್ಲ ಅಂತಿದೆ. ಏಳರಲ್ಲಿ, ಮದುವೆಗೆ ತೊಟ್ಟಿಲ್ಲ ಅಂತ. ಮದುವೆಗೆ ಮಾತ್ರ. ಒಂಬತ್ತರಲ್ಲಿ, ತೊಟ್ಟಿದ್ದರೂ ತಪ್ಪದೆ ಒಗೆದೇ ಕೊಡುತ್ತೇವೆ ಅಂತ. ಹನ್ನೊಂದರಲ್ಲಿ, ಇಂಥ ಘಟನೆ ಇನ್ನು ಮರುಕಳಿಸದು ಅಂತ. ಹದಿನಾಲ್ಕರಲ್ಲಿ ಹೆಂಡ್ತೀನ ಕೆಲಸದಿಂದ ತೆಗೆದಿದ್ದಾರೆ. ಇಪ್ಪತ್ತರಲ್ಲಿ, ಈ ವಿಷಯ ಮಾತಾಡಲು ನಮಗೆ ಇಷ್ಟವಿಲ್ಲ ಅಂತಿದೆ.” ಪೋಸ್ಟ್ ಮಾಸ್ಟರು ತಲೆ ಎತ್ತಿದರು. “ಒಂದೇ ದಿನದಲ್ಲಿ ಮನುಷ್ಯ ಎಷ್ಟು ಬದಲಾಗ್ತಾನೆ ನೋಡಿ.”

“ಹೋದ ವರ್ಷ ನನ್ನ ಕಂದು ಕೋಟಿನ ಭುಜ ಅಗಲ ಆಗಿ ಬಂದಿತ್ತು” ಎಂದರು ಒಬ್ಬರು. “ನನ್ನ ಪ್ಯಾಂಟಿನ ಜೇಬಲ್ಲಿ ಯಾವುದೋ ಸಿನಿಮಾ ಟಿಕೆಟ್ ಇತ್ತು. ನಾನಂತೂ ಆ ಸಿನಿಮಾ ನೋಡಿಲ್ಲ” ಎಂದರು ಇನ್ನೊಬ್ಬರು. ಅವರ ಹೆಂಡತಿ ಪಕ್ಕದಲ್ಲೇ ಇದ್ದಳು. “ಹಾಗಾದ್ರೆ ಯಾರು ನೋಡಿದ್ದು? ಯಾರ ಜೊತೆ?” ಎಂದು ಅವಳು ಕೇಳಿದ ಮೇಲೆ ಆ ಗಂಡಹೆಂಡತಿ ಬೇರೆಯೇ ಜಗಳಕ್ಕೆ ಮನೆಗೆ ಹೋದರು.

ಏಜೆಂಟರು ನೇರವಾಗಿ ಚಿಕ್ಕಪ್ಪನ ಮುಂದೆ ನಿಂತರು. “ನಿಜ ಹೇಳಿ. ನನ್ನ ನೀಲಿ ಕೋಟು ಹಾಕ್ಕೊಂಡಿದ್ರಾ?”

“ಇಲ್ಲ ಕಣ್ರೀ. ಆ ಕೋಟು ನಾನ್ಯಾಕೆ ಹಾಕ್ಕೊಳ್ಳಲಿ?”

“ಯಾಕೆ? ಏನಾಗಿದೆ ನನ್ನ ಕೋಟಿಗೆ?”

ಚಿಕ್ಕಪ್ಪ ಮಿತಭಾಷಿ. ವರ್ಷಕ್ಕೊಮ್ಮೆ ಸಿಟ್ಟು ಬರುತ್ತದೆ, ಅದೂ ಕರೆಂಟು ಹೋದರೆ. ಈಗ ಕರೆಂಟು ಇದ್ದರೂ ಬಂತು. ಇಸ್ತ್ರಿ ಪೆಟ್ಟಿಗೆಯನ್ನು ಧಡ್ಡೆಂದು ಕುಕ್ಕಿ ಕೂಗಿದರು. “ಇಪ್ಪತ್ತು ವರ್ಷದಿಂದ ನಿಮ್ಮ ಕೊಳೆ ತೊಳೆದಿದ್ದೀನಿ. ಯಾರ್‍ಯಾರಿಗೆ ಅನುಮಾನ ಇದೆಯೋ ಅವರವರ ಬಟ್ಟೆ ಈಗಲೇ, ಈ ಕ್ಷಣವೇ ಎತ್ಕೊಂಡು ಹೋಗಿ! ಒಂದು ಕರ್ಚೀಫೂ ಇಲ್ಲಿ ಉಳೀಬಾರ್ದು!”

ಪ್ರಕಟಣೆ ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಇನ್ನು ಪತ್ರವಿಲ್ಲ, ಗಾಜಿನ ಬಾಗಿಲಿಲ್ಲ, ಬಹುಶಃ ಇರಲು ಮನೆಯೂ ಇಲ್ಲ. ತನ್ನನ್ನು ಓದಿಸುತ್ತಿರುವ ಮನುಷ್ಯನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಗೋಡೆಗೊರಗಿ ಅತ್ತೇಬಿಟ್ಟಳು.

ಅವಳು ಕಣ್ಣು ತೆರೆಯುವಷ್ಟರಲ್ಲಿ ಜನ ಮುಗಿಬಿದ್ದಿದ್ದರು. ಲಾಂಡ್ರಿಯವರ ದೊಡ್ಡ ಸಂಕಟ ಯಾವುದೆಂದು ಹೊರಗಿನವರಿಗೆ ತಿಳಿಯದು. ಬಟ್ಟೆ ತರಲು ಎಲ್ಲರಿಗೂ ಅವಸರ, ಒಯ್ಯಲು ಯಾರಿಗೂ ಇಲ್ಲ. ಕೋಟು, ಕಂಬಳಿ, ಪರದೆ, ಹಾಸಿಗೆ ಹೊದಿಕೆ ಎಂದು ವರ್ಷಗಟ್ಟಲೆ ಬಿದ್ದವು ಕೋಣೆಯನ್ನು ಸೂರಿನವರೆಗೆ ತುಂಬಿದ್ದವು. ಪೋಸ್ಟ್ ಮಾಸ್ಟರ ಉಣ್ಣೆ ಕೋಟೇ ಹನ್ನೊಂದು ತಿಂಗಳಿಂದ ನೇತಾಡುತ್ತಿತ್ತು. ಕೇಳಿದಾಗಲೆಲ್ಲ “ನಾಳೆ ಬಂದೆ” ಎನ್ನುತ್ತಿದ್ದರು. ಈಗ ತಮ್ಮ ಬಟ್ಟೆಯನ್ನು ಯಾರೋ ಹಾಕಿಕೊಳ್ಳಬಹುದು ಎಂದ ಕೂಡಲೇ ಎಲ್ಲರಿಗೂ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಕಳೆದುಹೋದ ಚೀಟಿಗಳು ಪರ್ಸುಗಳಿಂದ, ಡಬ್ಬಿಗಳಿಂದ ಹೊರಬಂದವು. ಪಕ್ಕದ ಬೀದಿಯವರೂ ಓಡಿ ಬಂದರು. ಮನೆಗೂ ಅಂಗಡಿಗೂ ನಡುವಿದ್ದ ಪರದೆಯ ಒಡತಿಯೂ ಬಂದು ಅದನ್ನು ಕಿತ್ತುಕೊಂಡು ಹೋದಳು.

ಎರಡೂವರೆಗೆ ಅಂಗಡಿ ಖಾಲಿ. ಚಿಕ್ಕಪ್ಪ ಬರೀ ಕಂಬಿಗಳನ್ನು ನೋಡುತ್ತಾ ನಿಂತರು. ಆಮೇಲೆ ಮೆಲ್ಲನೆ ಹೋಗಿ ಹಿಂದಿನ ಗೋಡೆಯನ್ನು ಮುಟ್ಟಿದರು.

“ಈ ಗೋಡೆ ಹಸಿರಾ?”

ಪ್ರಕಟಣೆ ಕಣ್ಣೊರೆಸಿಕೊಂಡು ಗೋಡೆ ನೋಡಿದಳು.

“ನಾನು ಇಷ್ಟು ವರ್ಷ ಬಿಳಿ ಅಂದ್ಕೊಂಡಿದ್ದೆ ಕಣೇ” ಎಂದರು ಚಿಕ್ಕಪ್ಪ. ಅವರ ಮುಖದಲ್ಲಿ ನಗು ಹರಡತೊಡಗಿತು. “ಕೈಮುಗಿದು ಕೇಳಿದ್ದೀನಿ, ಕಾಲಿಗೆ ಬೀಳೋದೊಂದು ಬಾಕಿ ಇತ್ತು. ಒಬ್ಬರೂ ಒಯ್ದಿರಲಿಲ್ಲ. ಒಂದೇ ದಿನಕ್ಕೆ ಎಲ್ಲಾ ಖಾಲಿ ಮಾಡಿಸಿಬಿಟ್ಯಲ್ಲೇ! ಇದೇನಾ ನೀವು ಕಾಲೇಜಲ್ಲಿ ಕಲಿಯೋದು?”

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಚಿಕ್ಕಮ್ಮ ಚೀಲ ಹಿಡಿದು ಬಿರುಗಾಳಿಯ ಹಾಗೆ ಒಳಗೆ ಬಂದರು. “ಯಾರ್‍ರೀ ನನ್ನ ಕೆಲಸದಿಂದ ತೆಗೆದೋರು? ನರ್ಸಮ್ಮ ಫೋನಲ್ಲಿ ಧೈರ್ಯ ತಗೊಳ್ಳಿ ಅಂತಾಳೆ! ನಾನು ಯಾರ ಬಟ್ಟೆ—” ಅಲ್ಲಿಗೆ ಮಾತು ನಿಂತಿತು. ಖಾಲಿ ಕೋಣೆಯನ್ನು ಒಂದು ಸುತ್ತು ನೋಡಿದರು. ಚೀಲ ಕೆಳಗಿಟ್ಟರು. “ಅಯ್ಯೋ, ನಮ್ಮನೇಲಿ ಕಿಟಕಿ ಬೇರೆ ಇತ್ತಾ?”

ನಡೆದದ್ದನ್ನೆಲ್ಲ ಕೇಳಿ ಚಿಕ್ಕಮ್ಮ ಪ್ರಕಟಣೆಯ ಕೆನ್ನೆ ಹಿಡಿದು ಮುದ್ದಿಸಿದರು. ಅದಕ್ಕಿಂತ ದೊಡ್ಡ ಸುದ್ದಿ ಮೂರು ಗಂಟೆಗೆ ಬಂತು. ವರ್ಷಗಟ್ಟಲೆ ನೇತಾಡಿದ ಬಟ್ಟೆಗಳು ಮನೆಗೆ ಹೋದ ಮೇಲೆ ಜನಕ್ಕೆ ಅವುಗಳ ಧೂಳು ಕಂಡಿತ್ತು. ಪೋಸ್ಟ್ ಮಾಸ್ಟರು ಮೂಗು ಮುಚ್ಚಿಕೊಂಡು ಮೊದಲಿಗರಾಗಿ ಬಂದರು. “ಒಂದ್ಸಲ ಒಗೆದು ಕೊಟ್ಬಿಡಪ್ಪಾ. ಸಂಜೆಗೇ ಬಂದು ಒಯ್ತೀನಿ, ನಾಳೆ ಅನ್ನೋ ಮಾತೇ ಇಲ್ಲ. ನಿನ್ನ ಮೇಲೆ ಅನುಮಾನ ಅಂತಲ್ಲ. ಆದ್ರೂ ನಮ್ಮ ಜಾಗ್ರತೇಲಿ ನಾವಿರ್ಬೇಕು.” ಅವರ ಹಿಂದೆ ಸಾಲು ನಿಂತಿತ್ತು.

“ಚಿಕ್ಕಪ್ಪಾ, ಒಂದು ಪತ್ರ ಬರೆದುಕೊಡ್ತೀರಾ?” ಪ್ರಕಟಣೆ ಅಂಜುತ್ತಾ ಕೇಳಿದಳು. “ನನ್ನ ಕೆಲಸ ಹೇಗಿತ್ತು ಅಂತ. ಐದಕ್ಕೆ ಮೇಡಂಗೆ ಕೊಡ್ಬೇಕು. ಚೆನ್ನಾಗಿದ್ರೆ ದೊಡ್ಡ ಕಡೆ ಮೂರು ತಿಂಗಳ ತರಬೇತಿ ಸಿಗುತ್ತೆ.”

“ಒಂದೇನು, ಹತ್ತು ಬರೀತೀನಿ!” ಎಂದು ಚಿಕ್ಕಪ್ಪ ಬಟ್ಟೆಗೆ ಗುರುತು ಹಾಕುವ ಪೆನ್ನು ತೆಗೆದುಕೊಂಡು ಒಳಗೆ ಹೋದರು. ಚಿಕ್ಕಮ್ಮನೂ ಹಿಂದೆಯೇ ಹೋದರು. ಇಬ್ಬರೂ ಕಾಲು ಗಂಟೆ ಪಿಸುಗುಟ್ಟಿ ಬರೆದು, ಮಡಿಸಿ, ನಾಲ್ಕೂ ಮೂಲೆಗೆ ಪಿನ್ನು ಹೊಡೆದು ಕೊಟ್ಟರು. ಪ್ರಕಟಣೆ ಬಸ್ಸಿನಲ್ಲಿ ಅದನ್ನು ಎದೆಗೊತ್ತಿಕೊಂಡೇ ಕೂತಿದ್ದಳು. ಗಾಜಿನ ಬಾಗಿಲು ತೆರೆದುಕೊಳ್ಳುವ ಸದ್ದು ಅವಳ ಕಿವಿಗೆ ಈಗಲೇ ಕೇಳುತ್ತಿತ್ತು.

ಮೇಡಂ ಮನೆಯ ಸೋಫಾದಲ್ಲಿ ಅವಳ ತರಗತಿಯ ಸೋಮಾರಿಯೊಬ್ಬ ಬಿಸ್ಕತ್ತು ತಿನ್ನುತ್ತಿದ್ದ. ಇಡೀ ರಜೆ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದನಂತೆ. “ಏನೋ ಮಾಡಿದೆ?” ಎಂದು ಪ್ರಕಟಣೆ ಮೆಲ್ಲಗೆ ಕೇಳಿದಳು.

“ಫೋಟೋದಲ್ಲಿ ನೀವು ಚೆನ್ನಾಗಿ ಕಾಣದಿದ್ದರೆ ಹಣ ವಾಪಸ್ ಅಂತ ಬೋರ್ಡ್ ಹಾಕ್ಸಿದೆ ಕಣೇ. ತಾನು ಚೆನ್ನಾಗಿ ಕಂಡಿದ್ದೀನಿ ಅಂತ ಒಬ್ಬರೂ ಒಪ್ಲಿಲ್ಲ. ಮಾಲೀಕರು ಇನ್ನು ಈ ಕಡೆ ತಲೆ ಹಾಕ್ಬೇಡ ಅಂದ್ರು.” ಅವನು ಇನ್ನೊಂದು ಬಿಸ್ಕತ್ತು ಎತ್ತಿಕೊಂಡ. “ಆದ್ರೂ ಪತ್ರ ಮಾತ್ರ ಕೇಳೋಕೆ ಮುಂಚೆನೇ ಬರ್ದುಕೊಟ್ರು, ಪಾಪ.”

ಪ್ರಕಟಣೆಗೆ ಅವನ ಮೇಲೆ ನಿಜವಾಗಿಯೂ ಕನಿಕರ ಬಂತು. ಮೇಡಂ ಒಂದೊಂದಾಗಿ ಪಿನ್ನು ಕಿತ್ತು ಅವಳ ಪತ್ರ ಬಿಡಿಸಿ ಓದತೊಡಗಿದರು.

“‘ಇಪ್ಪತ್ತು ವರ್ಷದಲ್ಲಿ ನನ್ನಿಂದ ಆಗದ್ದನ್ನು ಈ ಹುಡುಗಿ ಒಂದೇ ದಿನದಲ್ಲಿ ಮಾಡಿದಳು. ಇವಳಿಂದಾಗಿ ನನ್ನ ಅಂಗಡಿಯ ಗೋಡೆ ಕಂಡೆ.’ ಆಹಾ! ಎಂಥ ಮಾತು! ‘ಹೋದ ಗಿರಾಕಿಗಳೆಲ್ಲ ಅರ್ಧ ಗಂಟೆಯಲ್ಲಿ ತಿರುಗಿ ಬಂದರು. ಗಿರಾಕಿಗಳನ್ನು ಕಳಿಸುವುದು, ತಿರುಗಿ ಕರೆಸುವುದು, ಎರಡನ್ನೂ ನಿಭಾಯಿಸಲು ನಮ್ಮ ಕೈಲಿ ಆಗದು. ಆದ್ದರಿಂದ ಮೇಡಂ ಅವರಲ್ಲಿ ನಮ್ಮಿಬ್ಬರ ಬೇಡಿಕೆ. ಈ ಹುಡುಗಿಯನ್ನು ಬೇರೆಲ್ಲಿಗೂ ಕಳಿಸಬಾರದು. ಆ ಮೂರು ತಿಂಗಳ ತರಬೇತಿ ನಮ್ಮ ಲಾಂಡ್ರಿಯಲ್ಲೇ ಆಗಲಿ. ನಮ್ಮದೂ ಒಂದು ರೀತಿಯಲ್ಲಿ ದೊಡ್ಡ ಕಡೆಯೇ. ಇವತ್ತು ಮಧ್ಯಾಹ್ನದಿಂದ ಬಹಳ ಜಾಗ ಇದೆ.’”

ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಇಷ್ಟು ವರ್ಷದಲ್ಲಿ ನನ್ನ ವಿದ್ಯಾರ್ಥೀನ ತಿರುಗಿ ಬೇಕು ಅಂತ ಕೇಳಿದ ಮೊದಲನೇ ಗಿರಾಕಿ ಇವರು. ಗಿರಾಕಿಯ ಮಾತು ಮೀರಬಾರದು ಅಂತ ನಾನೇ ಅಲ್ವಾ ಕಲಿಸಿದ್ದು? ಆಗಲಿ, ಒಪ್ಪಿದ್ದೀನಿ.” ಸಹಿ ಹಾಕಿಯೇಬಿಟ್ಟರು.

“ಮೇಡಂ, ಆ ಗಾಜಿನ... ಆ ದೊಡ್ಡ ಸಂಸ್ಥೆ...?”

“ಅದಕ್ಕೂ ಸರಿಯಾದವರು ಸಿಕ್ಕರು” ಎಂದು ಮೇಡಂ ಸ್ಟುಡಿಯೋದವರ ಪತ್ರ ಎತ್ತಿ ಓದಿದರು. “‘ಈ ಹುಡುಗನ ಪ್ರತಿಭೆಗೆ ನಮ್ಮ ಸ್ಟುಡಿಯೋ ಬಹಳ ಚಿಕ್ಕದು. ಇವನನ್ನು ಎಷ್ಟು ದೊಡ್ಡ ಸಂಸ್ಥೆಗೆ, ಎಷ್ಟು ದೂರ ಕಳಿಸಿದರೂ ನಮಗೆ ಸಂತೋಷವೇ. ದಯವಿಟ್ಟು ತಡಮಾಡದೆ ಕಳಿಸಿ.’ ನೋಡು, ಎಂಥ ದೊಡ್ಡ ಮನಸ್ಸು!”

“ಮೇಡಂ, ಅವರು ಹಾಗೆ ಬರೆದಿದ್ದು ಯಾಕೆ ಅಂದ್ರೆ...”

“ಸಹಪಾಠಿ ಮೇಲೆ ಹೊಟ್ಟೆಕಿಚ್ಚು ಪಡಬಾರದಮ್ಮ. ಅದು ಎಂಟನೇ ಸಲಹೆ.” ಸೋಮಾರಿ ಅವಳಿಗೊಂದು ಬಿಸ್ಕತ್ತು ಕೊಟ್ಟ.

ಅವಳು ಮನೆಗೆ ಬಂದಾಗ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಹಸಿರು ಗೋಡೆಯ ಪಕ್ಕ, ಹೊಸದಾಗಿ ಕಂಡ ಕಿಟಕಿಯ ಕೆಳಗೆ, ಒಂದು ಮೇಜು, ಒಂದು ಕುರ್ಚಿ, ಪೆನ್ನು ನಿಲ್ಲಿಸಲು ಒಂದು ಲೋಟ ಇಟ್ಟಿದ್ದರು. ಚಿಕ್ಕಪ್ಪ ಕುರ್ಚಿಯನ್ನು ತಮ್ಮ ಟವೆಲಿನಿಂದ ಒರೆಸಿ ಅವಳನ್ನು ಕೂರಿಸಿದರು.

“ಹೇಗಿತ್ತೇ ನನ್ನ ಪತ್ರ? ಕೊನೇ ಸಾಲು ನಿಮ್ಮ ಚಿಕ್ಕಮ್ಮ ಹೇಳಿದ್ದು.”

ಪ್ರಕಟಣೆ ಇಬ್ಬರ ಮುಖವನ್ನೂ ನೋಡಿದಳು.

“ತುಂಬಾ ಚೆನ್ನಾಗಿತ್ತು ಚಿಕ್ಕಪ್ಪಾ. ಬಹಳ ಖುಷಿ ಆಯ್ತು” ಎಂದಳು.

ಆ ದಿನ ಅವಳು ಕೊಟ್ಟ ಹೇಳಿಕೆಗಳಲ್ಲಿ ಜನ ಒಂದು ಚೂರೂ ಅನುಮಾನಪಡದೆ ನಂಬಿದ್ದು ಅದೊಂದನ್ನೇ.